ಕಲ್ಲುನೆಲದ ಹುಡುಗ ಬರೆದ ಉಯಿಲು

ರೈತನ ಮಗ ದೊಡ್ಡ ಕಂಪನಿಯ ಒಡೆಯನಾದ ಎಂಬ ಕಥೆ ನಮ್ಮಲ್ಲಿ ಒಂದೇ ಅಚ್ಚಿನಿಂದ ಬರುತ್ತದೆ. ಮೊದಲು ಬಡತನ, ಆಮೇಲೆ ಛಲ, ಕೊನೆಗೆ ಸನ್ಮಾನ. ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳ ಮಕ್ಕಳು ವೇದಿಕೆಯ ಭಾಷಣಗಳಲ್ಲಿ ಕೇಳುವುದೂ ಇದನ್ನೇ. ಈ ಅಚ್ಚು ಎಷ್ಟು ನಿಜ ಎಂದು ನೋಡಬೇಕಾದರೆ ಪೀಠೋಪಕರಣ ಕಂಪನಿ ಐಕಿಯಾ ಕಟ್ಟಿದ ಇಂಗ್ವಾರ್ ಕಂಪ್ರಾಡ್ ಅವರ ಬದುಕನ್ನೂ, ಅವರು 1976ರಲ್ಲಿ ತಮ್ಮ ನೌಕರರಿಗಾಗಿ ಬರೆದ ‘ಪೀಠೋಪಕರಣ ವ್ಯಾಪಾರಿಯ ಉಯಿಲು’ ಎಂಬ ಕಿರುಹೊತ್ತಗೆಯನ್ನೂ ಜೊತೆಗಿಟ್ಟು ಓದಬೇಕು.

ಕಂಪ್ರಾಡ್ (1926–2018) ಬೆಳೆದದ್ದು ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಸೀಮೆಯ ಅಗುನ್ನರಿಡ್ ಬಳಿ, ಎಲ್ಮ್‌ಟಾರಿಡ್ ಎಂಬ ಜಮೀನಿನಲ್ಲಿ. ಅದು ಕಲ್ಲುನೆಲ. ಹೊಲದಲ್ಲಿ ಆಯ್ದ ಕಲ್ಲನ್ನೇ ಬದುವಿಗೆ ಪೇರಿಸಿ ಬೇಲಿ ಮಾಡಿಕೊಂಡ ಜನ ಅವರು; 19ನೇ ಶತಮಾನದಲ್ಲಿ ಅಲ್ಲಿಂದ ಊರಿಗೆ ಊರೇ ಅಮೆರಿಕಕ್ಕೆ ಗುಳೆ ಹೊರಟಿತ್ತು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ನೆಚ್ಚಿ ಶೇಂಗಾ ಬಿತ್ತುವ, ಬೆಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವ ನಮಗೆ ಆ ಸೀಮೆ ಹೊಸದೆನಿಸುವುದಿಲ್ಲ. ಇನ್ನೂ ಹತ್ತಿರದ ಸಂಗತಿಯೊಂದಿದೆ. ಜರ್ಮನಿಯಿಂದ ಬಂದು ಆ ಜಮೀನು ಕೊಂಡ ಕಂಪ್ರಾಡರ ಅಜ್ಜ, ಬ್ಯಾಂಕು ಸಾಲಕ್ಕೆ ಒಪ್ಪದೆ ಹೋದಾಗ ತಾನೇ ಪ್ರಾಣ ಕಳೆದುಕೊಂಡ. ಅಜ್ಜಿ ಫ್ರಾಂಜಿಸ್ಕಾ ಮಕ್ಕಳನ್ನು ಕಟ್ಟಿಕೊಂಡು ಜಮೀನು ಉಳಿಸಿದಳು. ಅನಂತಪುರ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಅಜ್ಜಿಯರು, ತಾಯಂದಿರು ಎಷ್ಟು ಮಂದಿ ಇಲ್ಲ! ಅವರ ಹೆಸರು ಯಾವ ಸಾಧಕನ ಪರಿಚಯದಲ್ಲೂ ಬರುವುದಿಲ್ಲ.

ಆದರೆ ಇಲ್ಲೇ ಅಚ್ಚು ಬಿರುಕು ಬಿಡುತ್ತದೆ. ಉಳಿದದ್ದು ಮೂರೆಕರೆ ಬೆದ್ದಲು ಅಲ್ಲ, ಕಾಡು ಸೇರಿದ ದೊಡ್ಡ ಹಿಡುವಳಿ. ಐದನೇ ವಯಸ್ಸಿಗೇ ಬೆಂಕಿಪೊಟ್ಟಣ ಮಾರಿದ ಹುಡುಗನಿಗೆ ಸಗಟು ಬೆಲೆಯಲ್ಲಿ ಸರಕು ತರಿಸಿಕೊಟ್ಟ ಸೋದರತ್ತೆಯಿದ್ದಳು. 1943ರಲ್ಲಿ, 17ನೇ ವಯಸ್ಸಿಗೆ, ಕಂಪನಿ ಶುರುಮಾಡಿದಾಗ ಕೈಯಲ್ಲಿದ್ದದ್ದು ಚೆನ್ನಾಗಿ ಓದಿದ್ದಕ್ಕೆ ಅಪ್ಪ ಕೊಟ್ಟ ಹಣ. ಕಂಪ್ರಾಡರ ಬುದ್ಧಿಯನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಛಲವೊಂದಿದ್ದರೆ ಸಾಕು ಎಂದು ಮಡಕಶಿರಾದ ಹುಡುಗನಿಗೆ ಹೇಳುವುದು ಮೋಸ. ಜಮೀನು ಕೈಬಿಡದ ಮನೆಯ ಹುಡುಗ ಎರಡು ಸಲ ಸೋಲಬಹುದು. ಜಮೀನು ಅಡವಿಟ್ಟ ಮನೆಯ ಹುಡುಗ ಒಂದೇ ಸಲಕ್ಕೆ ಮುಗಿಯುತ್ತಾನೆ.

ಉಯಿಲಿನ ಬರವಣಿಗೆ ಮಾತ್ರ ನಿಜವಾದ ಹೊಲದ ಬರವಣಿಗೆ. ಒಂಬತ್ತು ವಿಭಾಗ, ಎಲ್ಲವೂ ಚಿಕ್ಕವು. ದುಬಾರಿ ಮೇಜನ್ನು ಯಾರು ಬೇಕಾದರೂ ರೂಪಿಸಬಹುದು, ಕಡಿಮೆ ಹಣದಲ್ಲಿ ಕೆಲಸಕ್ಕೆ ಬರುವ ಮೇಜು ಮಾಡುವುದೇ ಕೌಶಲ ಎಂಬ ವಾದ ಅದರ ತಿರುಳು. ಪೋಲು ಮಾಡುವುದನ್ನು ಅವರು ಪಾಪದ ಸಾಲಿಗೆ ಸೇರಿಸುತ್ತಾರೆ. ಬೀಜದ ಕಾಳನ್ನು ಹಸಿವಾದರೂ ತಿನ್ನದೆ ಎತ್ತಿಡುವ ಮನೆಯಲ್ಲಿ ಹುಟ್ಟಿದವರಿಗೆ ಈ ಮಾತು ಮ್ಯಾನೇಜ್‌ಮೆಂಟ್ ಪಾಠ ಅನ್ನಿಸದು, ಮನೆಯ ಮಾತೇ ಅನ್ನಿಸುತ್ತದೆ. 1956ರಲ್ಲಿ ಐಕಿಯಾ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬದಲ್ಲಿ ಮಾರತೊಡಗಿದ್ದೂ ಇದೇ ಬುದ್ಧಿಯ ಫಲ. 2022ರ ಜೂನ್‌ನಲ್ಲಿ ತೆರೆದ ಬೆಂಗಳೂರಿನ ನಾಗಸಂದ್ರದ ಮಳಿಗೆಯಿಂದ ಡಬ್ಬ ಹೊತ್ತು ತಂದು ಮನೆಯಲ್ಲಿ ಜೋಡಿಸುವವರು ಆ ಲೆಕ್ಕದ ಒಂದು ಪಾಲನ್ನು ತಮ್ಮ ದುಡಿಮೆಯಿಂದ ತೀರಿಸುತ್ತಾರೆ. ತಪ್ಪು ಮಾಡಲು ಹೆದರಬೇಡಿ ಎನ್ನುವ ವಿಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಮನೆಯ ಮೊದಲ ಪದವೀಧರರಾಗಿ ನಗರಕ್ಕೆ ಬಂದವರಿಗೆ ಆ ಧೈರ್ಯವನ್ನು ಯಾರೂ ಕೊಟ್ಟಿರುವುದಿಲ್ಲ.

ಹೊತ್ತಗೆಯ ದೊಡ್ಡ ಕೊರತೆ ಬೇರೆ ಕಡೆ ಇದೆ. ಕಿಟಕಿ ಮಾಡುವವರಿಂದ ಮೇಜಿನ ಕಾಲು, ಅಂಗಿ ಹೊಲಿಯುವವರಿಂದ ದಿಂಬು ಮಾಡಿಸಿ ಬೆಲೆ ಇಳಿಸಿದ್ದನ್ನು ಕಂಪ್ರಾಡ್ ಹೆಮ್ಮೆಯಿಂದ ಹೇಳುತ್ತಾರೆ. ಆ ಅಂಗಿ ಹೊಲಿದವರ ಕೈಗೆ ಎಷ್ಟು ಸಿಕ್ಕಿತು? ಒಂಬತ್ತು ವಿಭಾಗಗಳಲ್ಲಿ ಒಂದೂ ಅವರಿಗೆ ಮೀಸಲಾಗಿಲ್ಲ. ರಾಯದುರ್ಗದಲ್ಲಿ ಪೀಸಿಗಿಷ್ಟು ಎಂದು ಜೀನ್ಸ್ ಹೊಲಿಯುವವರು ಈ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ಸ್ವೀಡನ್ನಿನ ವ್ಯಾಪಾರಿಗಳು ಬಹಿಷ್ಕಾರ ಹಾಕಿದಾಗ ಐಕಿಯಾ 1961ರಲ್ಲಿ ಅಗ್ಗದ ದುಡಿಮೆಯ ಪೋಲೆಂಡಿಗೆ ಹೋಯಿತು. ಮುಂದೆ ಪೂರ್ವ ಜರ್ಮನಿಯಲ್ಲಿ ಅದರ ಸರಕಿಗಾಗಿ ರಾಜಕೀಯ ಕೈದಿಗಳನ್ನು ದುಡಿಸಲಾಗಿತ್ತೆಂದು ಕಂಪನಿಯೇ 2012ರಲ್ಲಿ ಒಪ್ಪಿ ವಿಷಾದ ಹೇಳಿತು. 2024ರಲ್ಲಿ ಆ ಸಂತ್ರಸ್ತರ ನಿಧಿಗೆ 60 ಲಕ್ಷ ಯೂರೋ ಕೊಡಲು ಮುಂದೆ ಬಂತು. ಬೆಲೆ ಇಳಿಸುವುದನ್ನೇ ಪರಮಧರ್ಮವೆಂದು ಬರೆದಿಟ್ಟು, ಅದರ ಹೊರೆ ಯಾರ ಹೆಗಲಿಗೆ ಎಂದು ಬರೆಯದೆ ಬಿಟ್ಟರೆ ಇಂಥದ್ದಕ್ಕೆ ದಾರಿ ತೆರೆದೇ ಇರುತ್ತದೆ.

ಮನುಷ್ಯನ ವಿಷಯದಲ್ಲೂ ಪೂರ್ತಿ ಓದು ಬೇಕು. ಯೌವನದಲ್ಲಿ ಸ್ವೀಡನ್ನಿನ ಫ್ಯಾಸಿಸ್ಟ್ ಗುಂಪಿನೊಡನೆ ಕಂಪ್ರಾಡರಿಗಿದ್ದ ನಂಟು 1994ರಲ್ಲಿ ಬಯಲಾಯಿತು. ಅವರು ನೌಕರರಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹಿಟ್ಲರನ ಕಡೆ ಅವರನ್ನು ಸೆಳೆದವಳು ಜಮೀನು ಉಳಿಸಿದ ಆ ಅಜ್ಜಿಯೇ. ಹಳೆಯ ವೋಲ್ವೋ ಓಡಿಸಿ, ವಿಮಾನದಲ್ಲಿ ಅಗ್ಗದ ಸೀಟಿನಲ್ಲಿ ಕೂತ ಅವರೇ ಸ್ವೀಡನ್ನಿನ ತೆರಿಗೆಯಿಂದ ದೂರವಿರಲು 1973ರಲ್ಲಿ ದೇಶ ಬಿಟ್ಟರು, 1982ರಲ್ಲಿ ಕಂಪನಿಯ ಒಡೆತನವನ್ನು ನೆದರ್‌ಲೆಂಡ್ಸಿನ ಪ್ರತಿಷ್ಠಾನವೊಂದಕ್ಕೆ ವರ್ಗಾಯಿಸಿದರು. ಸ್ವಂತ ಖರ್ಚಿನಲ್ಲಿ ಸರಳತೆ ನಿಜ. ಊರಿನ ಬೊಕ್ಕಸಕ್ಕೆ ಸಲ್ಲಬೇಕಾದ್ದರಲ್ಲಿ ಅದೇ ನಿಷ್ಠೆ ಕಾಣುವುದಿಲ್ಲ.

ಕೆಲಸ ಕಲಿಯುವವರಿಗೆ ಉಯಿಲು ಒಳ್ಳೆಯ ಪುಸ್ತಕ, ಬದುಕಿನ ಮಾದರಿಯಾಗಿ ಅರೆಬರೆ ಪುಸ್ತಕ. ನಮ್ಮ ಗಡಿಯ ರೈತಮಕ್ಕಳ ಏಳಿಗೆಯ ಕಥೆ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಎಷ್ಟು ಎಕರೆ ಇತ್ತು, ಸಾಲ ಯಾರು ಕೊಟ್ಟರು, ಓದಿಸಲು ಯಾರು ಓದು ಬಿಟ್ಟರು, ಕಾರ್ಖಾನೆಯಲ್ಲಿ ಕೂಲಿ ಎಷ್ಟು ಎಂಬುದನ್ನೂ ಬರೆಯಿರಿ.