ಫೇರ್ಲಿ ಸ್ಟ್ರಾಂಗ್, ರಾದರ್ ಸ್ಟ್ರಾಂಗ್

ಬೆಂಗಳೂರಿನ ಬಿಟಿಎಂ ಲೇಔಟಿನಂಥ ಕಡೆ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಹಂಚುವ ಏಣಿಚಿತ್ರದ ಮೇಲೆ ನನ್ನ ಹಳೆಯ ತಕರಾರನ್ನು ಇನ್ನೊಮ್ಮೆ ದಾಖಲಿಸಬೇಕು. ಕೆಳಮೆಟ್ಟಿಲಲ್ಲಿ ‘ಎ ಬಿಟ್’, ಮೇಲೆ ‘ಫೇರ್ಲಿ’, ಆಮೇಲೆ ‘ಕ್ವೈಟ್’, ‘ರಾದರ್’, ತುದಿಯಲ್ಲಿ ‘ವೆರಿ’. ಪಕ್ಕದಲ್ಲಿ ಶೇಕಡಾವಾರು ಅಂಕಿ ಬೇರೆ. ಪಿಜಿಗಳಲ್ಲಿದ್ದು ಇಂಟರ್‌ವ್ಯೂಗೆ ಸಿದ್ಧರಾಗುವ ಮಕ್ಕಳು ಇದನ್ನು ಉರುಹೊಡೆಯುತ್ತಾರೆ. ಈ ಪದಗಳು ಅಳತೆಯ ಜೊತೆಗೆ ಆಡುವವರ ಮನಸ್ಸನ್ನೂ ತಿಳಿಸುತ್ತವೆ ಎಂಬ ಮಾತು ಮಾತ್ರ ಅಲ್ಲೆಲ್ಲೂ ಇರುವುದಿಲ್ಲ.

ಕಾಫಿ ‘ಫೇರ್ಲಿ ಸ್ಟ್ರಾಂಗ್’ ಎಂದರೆ ಹದವಾಗಿದೆ, ಕುಡಿದವರಿಗೆ ಹಿಡಿಸಿದೆ. ‘ರಾದರ್ ಸ್ಟ್ರಾಂಗ್’ ಎಂದರೆ ಡಿಕಾಕ್ಷನ್ ಕೊಂಚ ಜಾಸ್ತಿಯಾಯಿತು ಎಂಬ ಸೂಚನೆ. ಲೋಟ ಅದೇ, ಕಾಫಿ ಅದೇ. ಥಾಮ್ಸನ್ ಮತ್ತು ಮಾರ್ಟಿನೆಟ್ ತಮ್ಮ 1960ರ ವ್ಯಾಕರಣದಲ್ಲಿ ಈ ಮೆಚ್ಚುಗೆ–ಅಸಮ್ಮತಿಯ ಭೇದವನ್ನು ಬಿಡಿಸಿಟ್ಟಿದ್ದಾರೆ. ‘ರಾದರ್ ಬೆಟರ್’, ‘ರಾದರ್ ಟೂ ಸ್ಮಾಲ್’ ಎನ್ನಬಹುದು. ಅಲ್ಲಿ ‘ಫೇರ್ಲಿ’ ಕೂರುವುದಿಲ್ಲ. ‘ರಾದರ್ ಗುಡ್’ ಎಂದಾಗಲೋ, ಇಷ್ಟು ಚೆನ್ನಾಗಿರುತ್ತದೆ ಅಂದುಕೊಂಡಿರಲಿಲ್ಲ ಎಂಬ ಅಚ್ಚರಿ ಇಣುಕುತ್ತದೆ.

ಇನ್ನೂ ಸೂಕ್ಷ್ಮವಾದದ್ದು ‘ಕ್ವೈಟ್’. ಲಂಡನ್ನಿನವರು ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ಅಳೆದು ಕೊಟ್ಟ ಮೆಚ್ಚುಗೆ. ಅಮೆರಿಕದವರು ಹಾಗೆಂದರೆ ಬಹುಮಟ್ಟಿಗೆ ತುಂಬು ಹೊಗಳಿಕೆ. ಎರಡೂ ಕಡೆಯವರೊಂದಿಗೆ ಕಾಲ್‌ನಲ್ಲಿ ಕೂರುವ ನಮ್ಮ ಐಟಿ ಮಕ್ಕಳಿಗೆ ಏಣಿಯ ಯಾವ ಮೆಟ್ಟಿಲು ನೆರವಾಗುತ್ತದೆ? ‘ಕ್ವೈಟ್ ಇಂಪಾಸಿಬಲ್’ ಎಂದರಂತೂ ಪೂರ್ತಿ ಅಸಾಧ್ಯ, ಮಧ್ಯಮದ ಮಾತೇ ಇಲ್ಲ. ಬ್ರಿಟಿಷರ ಬಾಯಲ್ಲಿ ಒತ್ತು ‘ಕ್ವೈಟ್’ ಮೇಲೆ ಬಿದ್ದರೆ ಹೊಗಳಿಕೆ ಇಳಿಯುತ್ತದೆ, ‘ಗುಡ್’ ಮೇಲೆ ಬಿದ್ದರೆ ಏರುತ್ತದೆ.

ಒತ್ತಿನ ಮಾತು ಬಂದದ್ದರಿಂದ, ನಮ್ಮ ‘ಪರವಾಗಿಲ್ಲ’ವನ್ನೇ ನೋಡಿ. ‘ಹಾಡು ಪರವಾಗಿಲ್ಲ’ ಎಂದು ಸಪ್ಪೆಯಾಗಿ ಹೇಳಿದರೆ ಬರೀ ಪಾಸು, ‘ಪರವಾಗಿಲ್ವೇ!’ ಎಂದು ರಾಗ ಎಳೆದರೆ ಶಭಾಷ್. ‘ಸುಮಾರು’ ಇನ್ನೂ ಸೊಗಸು. ಎಣಿಕೆ ಎಂಬರ್ಥದ ಪಾರಸಿ ‘ಶುಮಾರ್’ನಿಂದ ಬಂದ ಈ ಪದ ‘ಸುಮಾರು ನೂರು ಜನ’ ಎಂದಾಗ ಅಂದಾಜು, ‘ಸುಮಾರು ಜನ ಬಂದಿದ್ರು’ ಎಂದಾಗ ಸಾಕಷ್ಟು. ‘ಮಗಳು ಸುಮಾರಾಗಿ ಹಾಡ್ತಾಳೆ’ ಎಂದರೆ ತಾಯಿಗೆ ನೋವಾಗುತ್ತದೆ.

ಬಿಟಿಎಂ ಪಕ್ಕದ ಜಯನಗರದಲ್ಲೇ ಇದ್ದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳಿಗೆ ಉತ್ತರ ಬರೆದರು. ಆ ತಾಳ್ಮೆ ಇಂಗ್ಲಿಷ್ ಕಲಿಸುವವರಿಗೂ ಬೇಕು. ‘ಕ್ವೈಟ್’ ಪಾಠದ ದಿನ ಏಣಿಯನ್ನು ಒರೆಸಿ, ಮೂರು ‘ಸುಮಾರು’ಗಳನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ.