ಚಾಮಯ್ಯ ಮೇಷ್ಟ್ರ ಕೈಯಲ್ಲಿ ವಾಟ್ಸಾಪ್

ಪ್ರತಿ ವರ್ಷ ಸೆಪ್ಟೆಂಬರ್ 5 ಬಂತು ಅಂದ್ರೆ ಸಾಕು, ವಾಟ್ಸಾಪ್ ಸ್ಟೇಟಸ್ಸುಗಳಲ್ಲಿ ಚಾಮಯ್ಯ ಮೇಷ್ಟ್ರು ಪ್ರತ್ಯಕ್ಷ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಿದ್ದು 1972ರಲ್ಲಿ. ಆಗ ಹುಟ್ಟೇ ಇರದ ನನ್ನಂಥವರೂ ಅಶ್ವತ್ಥರ ಆ ಮುಖ ಕಂಡರೆ ಕರಗಿಬಿಡ್ತೀವಿ. ಊರೆಲ್ಲ ಬೈಯುವ ರಾಮಾಚಾರಿಯನ್ನು ಸ್ವಂತ ಮಗನ ಹಾಗೆ ಹಚ್ಚಿಕೊಂಡ, ಮಕ್ಕಳಿಲ್ಲದ ಮೇಷ್ಟ್ರು. ಗುರು ಅಂದ್ರೆ ಹೀಗಿರಬೇಕು ಅನ್ನೋದಕ್ಕೆ ಕನ್ನಡದವರಿಗೆ ಮೊದಲು ನೆನಪಾಗೋದು ಇವರೇ.

ಆದರೆ ಕ್ಲಿಪ್ ಬಿಟ್ಟು ಸಿನಿಮಾ ಪೂರ್ತಿ ನೋಡಿ. ರಾಮಾಚಾರಿ ಅಲಮೇಲುವನ್ನು ಪ್ರೀತಿಸ್ತಾನೆ. ಜಾತಿಯ ಕಾರಣ ಕೊಟ್ಟು ಮೇಷ್ಟ್ರು ‘ಬಿಟ್ಟುಬಿಡು’ ಅಂತಾರೆ, ಅವನು ಬಿಟ್ಟುಬಿಡ್ತಾನೆ. ಮುಂದೆ ಅವಳು ಅವನಿಗೆ ಸಿಗೋದು ವೇಶ್ಯೆಯಾಗಿ. ಆಮೇಲೆ ಮಾರ್ಗರೆಟ್. ಅಲ್ಲೂ ಮೇಷ್ಟ್ರು ಅಡ್ಡ ನಿಲ್ತಾರೆ. ಕೊನೆಗೆ ಬೆಟ್ಟದ ಮೇಲೆ, ಸಿಟ್ಟಿನಲ್ಲಿ ತಳ್ಳಿದ ಶಿಷ್ಯನ ಕೈಯಿಂದಲೇ ಮೇಷ್ಟ್ರ ಸಾವು. ಅವರ ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ. ಮೇಷ್ಟ್ರಲ್ಲಿ ಕೆಟ್ಟತನ ಒಂದು ಚೂರೂ ಇರಲಿಲ್ಲ. ಇದ್ದದ್ದು, ಹುಡುಗ ತನ್ನ ಮಾತು ಮೀರಲ್ಲ ಅನ್ನೋ ಅಧಿಕಾರ ಮತ್ತು ಅದನ್ನ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದ ಪ್ರೀತಿ. ನನಗಂತೂ ಇದು ಗುರುಭಕ್ತಿಯ ಸಿನಿಮಾ ಅನ್ನಿಸಲ್ಲ. ಗೆರೆ ಇಲ್ಲದ ಸಂಬಂಧದ ದುರಂತ ಅನ್ನಿಸುತ್ತೆ. ನಾವು ಮಾತ್ರ ದುರಂತದ ಭಾಗ ಕತ್ತರಿಸಿ, ಉಳಿದದ್ದನ್ನ ಫಾರ್ವರ್ಡ್ ಮಾಡ್ತೀವಿ.

ಬೌಂಡರಿ ಅನ್ನೋ ಪದ ನಮಗೆ ಮೊದಲು ಕ್ರಿಕೆಟ್ಟಿನಿಂದ, ಆಮೇಲೆ ಎಚ್‌ಆರ್ ಟ್ರೇನಿಂಗಿನಿಂದ ಬಂತು. ನಮ್ಮದೇ ಪದ ‘ಸಲುಗೆ’. ಅದರ ವಿಶೇಷ ಏನಂದ್ರೆ, ಅದನ್ನ ಕೊಡೋರು ದೊಡ್ಡವರು, ತಗೊಳ್ಳೋರು ಚಿಕ್ಕವರು. ‘ಜಾಸ್ತಿ ಸಲುಗೆ ತಗೋಬೇಡ’ ಅಂತ ಬೈಸಿಕೊಳ್ಳೋದು ಯಾವಾಗಲೂ ಹುಡುಗರು. ದೊಡ್ಡವರೇ ಸಲುಗೆ ತಗೊಂಡ್ರೆ ಏನನ್ನಬೇಕು? ಅದಕ್ಕೆ ನಮ್ಮ ಹತ್ತಿರ ಚುಟುಕಾದ ಪದವೇ ಇಲ್ಲ.

ಚಾಮಯ್ಯ ಮೇಷ್ಟ್ರ ಕಾಲದಲ್ಲಿ ಇದಕ್ಕೆ ಒಂದು ಬೇಲಿ ಇತ್ತು. ಮೇಷ್ಟ್ರು ಯಾರ ಹತ್ತಿರ, ಎಷ್ಟು ಹೊತ್ತು ಮಾತಾಡಿದ್ರು ಅನ್ನೋದು ಊರಿಗೆಲ್ಲ ಗೊತ್ತಾಗ್ತಿತ್ತು. ಈಗ ಕ್ಲಾಸಿನ ಗ್ರೂಪಿಂದ ಒಬ್ಬ ಹುಡುಗಿಯ ನಂಬರ್ ಒತ್ತಿದರೆ ಮುಗೀತು, ಬಾಗಿಲು ಹಾಕಿದ ಕೋಣೆ ತಯಾರು. ಒಳಗೆ ಇಬ್ಬರೇ. ಅದರಲ್ಲಿ ಒಬ್ಬರ ಕೈಯಲ್ಲಿ ಇಂಟರ್ನಲ್ ಮಾರ್ಕ್ಸ್.

ಈ ಕೋಣೆಗೆ ಕಾನೂನಿನಿಂದಲೇ ಬೀಗ ಹಾಕಲು ಹೊರಟವರೂ ಇದ್ದಾರೆ. ಅಮೆರಿಕದ ಮಿಸೌರಿ ರಾಜ್ಯ 2011ರಲ್ಲಿ ಏಮಿ ಹೆಸ್ಟರ್ ವಿದ್ಯಾರ್ಥಿ ಸಂರಕ್ಷಣಾ ಕಾಯ್ದೆ ತಂತು. ವಿದ್ಯಾರ್ಥಿಗೂ ಶಿಕ್ಷಕರಿಗೂ ಮಾತ್ರ ಕಾಣುವಂಥ ಖಾಸಗಿ ಸಂಪರ್ಕಕ್ಕೆ ಅವಕಾಶ ಕೊಡುವ ಜಾಲತಾಣಗಳನ್ನು ಶಿಕ್ಷಕರು ಬಳಸುವಂತಿಲ್ಲ ಅಂತ ಅದರಲ್ಲೊಂದು ನಿಯಮ. ಪತ್ರಿಕೆಗಳೆಲ್ಲ ಅದನ್ನ ‘ಫೇಸ್‌ಬುಕ್ ಕಾನೂನು’ ಮಾಡಿಬಿಟ್ಟವು. ಶಿಕ್ಷಕರ ಸಂಘ ಕೋರ್ಟಿಗೆ ಹೋಯಿತು. ಜಾರಿಗೆ ಎರಡು ದಿನ ಇದ್ದಾಗ, ಆಗಸ್ಟ್ 26ರಂದು, ನ್ಯಾಯಾಧೀಶರು ಆ ನಿಯಮಕ್ಕೆ ತಡೆ ಕೊಟ್ಟರು. ಅಮ್ಮನೇ ಟೀಚರ್ ಆಗಿದ್ದರೆ ಮಗನಿಗೆ ಮೆಸೇಜ್ ಕಳಿಸೋದೂ ನಿಷೇಧದೊಳಗೆ ಬರುವಷ್ಟು ಅದು ಅಗಲವಾಗಿತ್ತು. ಕೊನೆಗೆ ಶಾಸನಸಭೆಯೇ ಆ ಭಾಗ ತೆಗೆದುಹಾಕಿ, ಶಾಲಾ ಜಿಲ್ಲೆಗಳು ತಮ್ಮ ತಮ್ಮ ನೀತಿ ಬರೆದುಕೊಳ್ಳಲಿ ಅಂದಿತು.

ಗದ್ದಲದಲ್ಲಿ ಮುಳುಗಿಹೋದ ಸಂಗತಿ ಬೇರೆ. ಯಾರ ಹೆಸರನ್ನು ಆ ಕಾಯ್ದೆಗೆ ಇಟ್ಟರೋ, ಆ ಮಹಿಳೆಯ ಮೇಲೆ ಶಿಕ್ಷಕನಿಂದ ದೌರ್ಜನ್ಯ ನಡೆದದ್ದು ದಶಕಗಳ ಹಿಂದೆ, ಫೇಸ್‌ಬುಕ್ ಹುಟ್ಟುವ ಎಷ್ಟೋ ಮೊದಲು. ಕಾಯ್ದೆಯ ಮುಖ್ಯ ಗುರಿಯೂ ಫೇಸ್‌ಬುಕ್ ಅಲ್ಲ. ಇಂಥ ಶಿಕ್ಷಕರನ್ನು ಶಾಲೆಗಳು ಸದ್ದಿಲ್ಲದೆ ಬೇರೆ ಊರಿಗೆ ಸಾಗಹಾಕುವುದನ್ನು ನಿಲ್ಲಿಸೋದು ಅದರ ಉದ್ದೇಶ. ಮುಚ್ಚಿಟ್ಟವರು ಶಾಲೆಯವರು, ಬೈಸಿಕೊಂಡಿದ್ದು ಆ್ಯಪ್.

ನಮ್ಮಲ್ಲಿ ಗೆರೆಯ ಮಾತು ಬಂದಾಗ ಎಲ್ಲಿಗೆ ಹೋಗಿ ನಿಲ್ತೀವಿ ನೋಡಿ. 2022ರಲ್ಲಿ ಕೋಲ್ಕತ್ತಾದ ಸೇಂಟ್ ಕ್ಸೇವಿಯರ್ಸ್ ವಿಶ್ವವಿದ್ಯಾಲಯದ ಒಂದು ಪ್ರಕರಣ ಸುದ್ದಿಯಾಯಿತು. ಮಗ ಮೇಡಂ ಅವರ ಈಜುಡುಗೆಯ ಇನ್‌ಸ್ಟಾಗ್ರಾಂ ಚಿತ್ರ ನೋಡ್ತಿದ್ದ ಅಂತ ಒಬ್ಬ ಅಪ್ಪನ ದೂರು. ತಾನು ಕೆಲಸಕ್ಕೆ ಸೇರುವ ಮೊದಲೇ, ಖಾಸಗಿ ಖಾತೆಯಲ್ಲಿ ಹಾಕಿದ್ದ ಚಿತ್ರಗಳವು, ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡರು ಅಂತ ಅಧ್ಯಾಪಕಿ. ಅವರೇ ಸ್ವಇಚ್ಛೆಯಿಂದ ಬಿಟ್ಟರು ಅಂತ ವಿಶ್ವವಿದ್ಯಾಲಯ. ಆ ಜಗಳ ಏನಾದರೂ ಇರಲಿ, ಅಧ್ಯಾಪಕಿ ಯಾವ ವಿದ್ಯಾರ್ಥಿಗಾದರೂ ಏನಾದರೂ ಕಳಿಸಿದ್ದರು ಅನ್ನೋದು ದೂರೇ ಆಗಿರಲಿಲ್ಲ. ಮೇಡಂ ಏನು ಹಾಕ್ಕೊಂಡಿದ್ರು ಅಂತ ಕೇಳ್ತೀವಿ, ಸರ್ ರಾತ್ರಿ ಹನ್ನೊಂದಕ್ಕೆ ಯಾರಿಗೆ ‘ನಿದ್ದೆ ಬಂತಾ’ ಅಂತ ಕಳಿಸಿದ್ರು ಅಂತ ಕೇಳಲ್ಲ. ಮೊದಲನೆಯದು ಮರ್ಯಾದೆಯ ಪ್ರಶ್ನೆ. ಎರಡನೆಯದು ಅಧಿಕಾರದ ಪ್ರಶ್ನೆ. ಗೆರೆ ಬೇಕಿರೋದು ಎರಡನೆಯದಕ್ಕೆ.

ಆಫೀಸಿಗೆ ಹೋಗುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಮ್ಯಾನೇಜರ್ ಭಾನುವಾರ ರಾತ್ರಿ ಪರ್ಸನಲ್ ನಂಬರಿಗೆ ಮೆಸೇಜ್ ಹಾಕಿ ಕೊನೇಲಿ ಒಂದು ನಗುವಿನ ಎಮೋಜಿ ಇಟ್ಟರೆ, ರಿಪ್ಲೈ ಮಾಡದೆ ಇರೋಕೆ ಎಷ್ಟು ಧೈರ್ಯ ಬೇಕು ಅಂತ ಗೊತ್ತು. ನಮಗಾದರೂ ಸಂಬಳ ಇದೆ, ಎಚ್‌ಆರ್ ಇದೆ, ಬೇರೆ ಕೆಲಸ ಹುಡುಕೋ ದಾರಿ ಇದೆ. ಹದಿನಾರು ವರ್ಷದ ಹುಡುಗಿಗೆ ಏನಿದೆ?

ಹಾಗಂತ ಎಲ್ಲ ಬಾಗಿಲೂ ಮುಚ್ಚೋಣವಾ? ನಮ್ಮ ದೊಡ್ಡಮ್ಮನ ಮಗಳು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇನ್‌ಸ್ಟಾಗ್ರಾಂ ರಿಕ್ವೆಸ್ಟ್ ಬಂದರೆ ‘ಪಾಸಾಗಿ ಹೋದ ಮೇಲೆ ನೋಡೋಣ’ ಅಂತಾಳೆ. ಡೌಟ್ ಇದ್ದರೆ ಗ್ರೂಪಲ್ಲೇ ಕೇಳಬೇಕು. ಒಂದು ರಾತ್ರಿ ಹಾಸ್ಟೆಲ್ ಹುಡುಗನೊಬ್ಬ ಅವಳಿಗೇ ನೇರವಾಗಿ ಮೆಸೇಜ್ ಹಾಕಿದ್ದ, ಬದುಕೋದೇ ಬೇಡ ಅನ್ನಿಸ್ತಿದೆ ಮ್ಯಾಮ್ ಅಂತ. ಅವಳು ತಕ್ಷಣ ಅವನಿಗೆ ಫೋನ್ ಮಾಡಿ ಮಾತಾಡುತ್ತಾ ಕೂತಳು, ಭಾವನ ಫೋನಿಂದ ವಾರ್ಡನ್ನಿಗೂ ಪ್ರಿನ್ಸಿಪಾಲರಿಗೂ ಹೇಳಿಸಿದಳು. ವಾರ್ಡನ್ ಅವನ ರೂಮಿಗೆ ಹೋಗುವ ತನಕ ಲೈನ್ ಬಿಡಲಿಲ್ಲ.

‘ಆವತ್ತು ನಿನ್ನ ರೂಲ್ ಏನಾಯ್ತಕ್ಕ?’ ಅಂದೆ.

‘ರೂಲ್ ಇರೋದು ರಿಪ್ಲೈ ಮಾಡಬಾರದು ಅಂತಲ್ಲ ಕಣೋ. ನಾನೊಬ್ಬಳೇ ಇಟ್ಕೋಬಾರದು ಅಂತ.’

ಮಿಸೌರಿಯವರು ಪುಟಗಟ್ಟಲೆ ಬರೆದು ಹೇಳಲಾಗದ್ದು ಇಷ್ಟೇ ಅನ್ನಿಸ್ತು. ಗೆರೆ ಅಂದರೆ ದೂರ ಅಲ್ಲ, ಮೂರನೆಯವರೊಬ್ಬರಿಗೆ ಗೊತ್ತಿರೋದು. ನಮ್ಮ ಕಾನೂನೂ ಅದನ್ನೇ ಹೇಳುತ್ತೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೂ ಅಪರಾಧ. ಅಂದರೆ ‘ಯಾರಿಗೂ ಹೇಳಲ್ಲ, ನನ್ನ ಹತ್ರ ಹೇಳು’ ಅಂತ ಭಾಷೆ ಕೊಡೋಕೆ ಯಾವ ಮೇಷ್ಟ್ರಿಗೂ ಹಕ್ಕಿಲ್ಲ, ಅವರೆಷ್ಟೇ ಒಳ್ಳೆಯವರಾಗಿರಲಿ. ಅದೇ ಅಪರಾಧವನ್ನು ಶಾಲೆಯ ಸಿಬ್ಬಂದಿಯೇ ಮಾಡಿದರೆ ಆ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಹೆಚ್ಚು.

ನಿಯಮ ಇದ್ದರೆ ಒಳ್ಳೆಯ ಶಿಕ್ಷಕರಿಗೆ ಅವಮಾನ ಅನ್ನುವವರಿದ್ದಾರೆ. ನನಗೆ ಉಲ್ಟಾ ಅನ್ನಿಸುತ್ತೆ. ಬರೆದಿಟ್ಟ ನಿಯಮ ಇಲ್ಲದಿದ್ದಾಗಲೇ ಕಾಳಜಿಯಿಂದ ಮಾತಾಡಿದವರ ಮೇಲೂ ಅನುಮಾನ ಬೀಳೋದು, ಕೆಟ್ಟವರಿಗೆ ‘ಮಗಳ ಹಾಗೆ ನೋಡ್ತಿದ್ದೆ ಸಾರ್’ ಅನ್ನೋ ನೆಪ ಸಿಗೋದು.

ನಿಮ್ಮಲ್ಲಿ ಹಲವರ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಿ. ಟೀಚರುಗಳು ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡೋ ಬಗ್ಗೆ ನಿಮ್ಮಲ್ಲಿ ಬರೆದಿಟ್ಟ ನಿಯಮ ಇದೆಯಾ? ಮಗು ದೂರು ಹೇಳಬೇಕೆಂದರೆ ಆ ಟೀಚರನ್ನು ಬಿಟ್ಟು ಇನ್ಯಾರ ಹತ್ತಿರ ಹೋಗಬೇಕು? ಉತ್ತರ ಬರೋಕೆ ತಡವಾದರೆ ಅಲ್ಲಿಂದ ಏಳಬೇಡಿ.