ರಿಲೀವರ್ ಬಾರದ ರಾತ್ರಿ

ಎರಡು ಹಗಲು, ಎರಡು ರಾತ್ರಿ, ನಾಲ್ಕು ದಿನ ರಜೆ. ಈ ಚಾರ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ದಿನ ನಮ್ಮ ಕಂಟ್ರೋಲ್ ರೂಮಿಗೆ ಹಬ್ಬದ ಕಳೆ ಬಂದಿತ್ತು. ಹನ್ನೊಂದು ವರ್ಷ ಎಂಟು ಗಂಟೆಯ ಮೂರು ಪಾಳಿಗಳಲ್ಲಿ ವಾರವಾರ ಬುಗುರಿಯಂತೆ ತಿರುಗಿದ ನಮಗೆ ಕೊನೆಯ ಮೂರು ಪದ ಬಿಟ್ಟು ಬೇರೇನೂ ಕಣ್ಣಿಗೆ ಬೀಳಲಿಲ್ಲ. ಹಾಸನದ ಕಡೆಯವನೊಬ್ಬ ಅಲ್ಲೇ ನಿಂತು, ಊರಿನ ತೋಟಕ್ಕೆ ತಿಂಗಳಿಗೆ ಎಷ್ಟು ಸಲ ಹೋಗಿಬರಬಹುದೆಂದು ಬೆರಳು ಮಡಿಸಿ ಎಣಿಸತೊಡಗಿದ. ಆಮೇಲೆ ಒಂಬತ್ತು ವರ್ಷ ಹನ್ನೆರಡು ಗಂಟೆಯ ಪಾಳಿ ಮಾಡಿದೆ. ಎರಡರ ಅನ್ನವನ್ನೂ ಉಂಡವನು ನಾನು. ಹಾಗಾಗಿ ಗುಣದೋಷ ಹೇಳಲು ಅಷ್ಟಿಷ್ಟು ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಲೆಕ್ಕ ನೋಡೋಣ. ಬಾಯ್ಲರ್, ಕುಲುಮೆ, ವಿದ್ಯುತ್ ಘಟಕ, ಆಸ್ಪತ್ರೆಯ ಐಸಿಯು ಇವೆಲ್ಲ ವಾರಕ್ಕೆ 168 ಗಂಟೆ ನಡೆಯಲೇಬೇಕು. ನಾಲ್ಕು ತಂಡಗಳಿಗೆ ಹಂಚಿದರೆ ತಲೆಗೆ 42 ಗಂಟೆ, ವರ್ಷಕ್ಕೆ 2,190. ರಜೆಗಳನ್ನು ಕಳೆಯುವ ಮುನ್ನ, ಎಂಟರ ಪಾಳಿಯವನು ವರ್ಷಕ್ಕೆ ಸುಮಾರು 274 ಸಲ ಗೇಟು ದಾಟಬೇಕು. ಹನ್ನೆರಡರ ಪಾಳಿಯವನು 183 ಸಲ. 91 ಸಲದ ಉಳಿತಾಯ. ಕಂಪನಿ ಬಸ್ಸಿನಲ್ಲಿ ಹೋಗಿಬರಲು ನನಗೆ ಮೂರು ಗಂಟೆ ಹಿಡಿಯುತ್ತಿತ್ತು. ಬಸ್ಸಿನ ಸೀಟಿನಲ್ಲಿ ಬಾಯಿ ತೆರೆದು ತೂಕಡಿಸುವ 273 ಗಂಟೆಗಳು ವರ್ಷಕ್ಕೆ ಮಿಕ್ಕವು. ಹನ್ನೊಂದು ಹಗಲು, ಹನ್ನೊಂದು ರಾತ್ರಿಗಿಂತ ಹೆಚ್ಚೇ ಆಯಿತು. ಈ ಪದ್ಧತಿಯನ್ನು ಬೈಯುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕಾರ್ಖಾನೆಯ ಬೆನ್ನಿಗೇ ಕ್ವಾರ್ಟರ್ಸ್ ಇರುವವನಿಗೆ ಇದು ಅರ್ಥವಾಗಲಿಕ್ಕಿಲ್ಲ. ನೆಲಮಂಗಲದಾಚೆ ಸೈಟು ಕೊಂಡು ಮನೆ ಕಟ್ಟಿಸಿದವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಉಳಿದದ್ದು ಯಾವ 91 ಎಂದು ನೋಡಬೇಕು. ಎಂಟರ ಪಾಳಿಯಲ್ಲಿ ಒಬ್ಬನ ಪಾಲಿಗೆ ಬರುವ ರಾತ್ರಿಗಳು ವರ್ಷಕ್ಕೆ 91. ಹನ್ನೆರಡರಲ್ಲೂ ಅಷ್ಟೇ. ಹೋದದ್ದು ಸೆಕೆಂಡ್ ಶಿಫ್ಟು, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರದ್ದು. ರಾತ್ರಿ ಒಂದೂ ಕಡಿಮೆಯಾಗಲಿಲ್ಲ, ಪ್ರತಿ ರಾತ್ರಿಯೂ ನಾಲ್ಕು ಗಂಟೆ ಉದ್ದವಾಯಿತು. ಸೆಕೆಂಡ್ ಶಿಫ್ಟನ್ನು ನಾವು ಶಪಿಸುತ್ತಿದ್ದುದು ನಿಜ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅಪ್ಪ ಇಲ್ಲ, ಅಪ್ಪ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತವೆ. ಆದರೂ ಆ ಪಾಳಿಯಲ್ಲಿ ನಿದ್ದೆಗೆ ಮಾತ್ರ ಕೊರತೆ ಇರಲಿಲ್ಲ.

ಎರಡೇ ರಾತ್ರಿ ಮಾಡಿ ಬಿಡುವು ಸಿಗುವುದು ಮೈಗೆ ಒಳ್ಳೆಯದು, ಇದನ್ನು ಅನುಭವದಿಂದಲೇ ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಸಾಲಾಗಿ ಆರು ರಾತ್ರಿ. ನಾಲ್ಕನೆಯ ದಿನಕ್ಕೆ ಹಸಿವು, ಮಲವಿಸರ್ಜನೆ, ಸಿಟ್ಟು ಎಲ್ಲದರ ವೇಳೆಯೂ ಏರುಪೇರಾಗಿ, ಮನೆಯವರು ಅಡುಗೆಮನೆಯಿಂದಲೇ ನನ್ನ ಮುಖ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಎರಡೇ ರಾತ್ರಿಯಾದರೆ ದೇಹ ಹೊಸ ವೇಳೆಗೆ ಒಗ್ಗಲು ಹೊರಡುವ ಮುಂಚೆಯೇ ಬಿಡುಗಡೆ. ನಿದ್ದೆಯ ಸಾಲ ಬೆಳೆಯುತ್ತದೆ, ಬಡ್ಡಿ ಏರುವ ಮುನ್ನ ತೀರುತ್ತದೆ. ಪಾಳಿ ಒಪ್ಪಿಸುವ ಸಂದರ್ಭಗಳೂ ದಿನಕ್ಕೆ ಮೂರರಿಂದ ಎರಡಕ್ಕಿಳಿಯುತ್ತವೆ. "ಆ ವಾಲ್ವು ಸ್ವಲ್ಪ ಲೀಕು, ಮುಟ್ಟಬೇಡ" ಎಂಬ ಮಾತು ಕೈತಪ್ಪಿ ಹೋಗುವುದು ಪಾಳಿ ಬದಲಾಗುವ ಆ ಹದಿನೈದು ನಿಮಿಷದಲ್ಲೇ.

ಈಗ ಬೆಳಗಿನ ಜಾವದ ಮಾತು. ಮೂರರಿಂದ ಐದರವರೆಗೆ ದೇಹದ ಉಷ್ಣತೆ ದಿನದ ಅತಿ ಕೆಳಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತವೆಂದು ಕೊಂಡಾಡಿದ ಹೊತ್ತಿನ ಆಸುಪಾಸು ಅದು. ರಾತ್ರಿ ಚೆನ್ನಾಗಿ ಮಲಗಿ ಎದ್ದವರ ಮುಹೂರ್ತ, ನಮ್ಮದಲ್ಲ. ಹನ್ನೆರಡರ ಪಾಳಿಗೆ ಬಂದ ಎರಡನೆಯ ವರ್ಷ ಫೀಡ್ ಪಂಪಿನ ಬೇರಿಂಗ್ ಉಷ್ಣತೆಯನ್ನು ಗಂಟೆಗೊಮ್ಮೆ ಲಾಗ್‌ಬುಕ್ಕಿಗೆ ಇಳಿಸುವುದು ನನ್ನ ಕೆಲಸವಾಗಿತ್ತು. ಒಂದು ರಾತ್ರಿ ಎರಡು ಗಂಟೆಗೆ 62 ಬರೆದೆ. ಮೂರಕ್ಕೆ 62, ನಾಲ್ಕಕ್ಕೆ 62, ಐದಕ್ಕೂ 62. ಬರೆದ ಅಕ್ಷರ ನನ್ನದೇ, ಗೇಜಿನ ಹತ್ತಿರ ಹೋದ ನೆನಪು ಮಾತ್ರ ಎರಡು ಗಂಟೆಯದ್ದೊಂದೇ. ಬೆಳಿಗ್ಗೆ ಎಂಟಕ್ಕೆ ಬಂದ ರಿಲೀವರ್ ಅಭ್ಯಾಸದಂತೆ ಬೇರಿಂಗಿನ ಮೇಲೆ ಅಂಗೈ ಇಟ್ಟು ಸರಕ್ಕನೆ ಹಿಂತೆಗೆದ. "ಏನ್ ಗುರುವೇ, ಇದು ಅರವತ್ತೆರಡಾ?" ಸ್ಟ್ಯಾಂಡ್‌ಬೈ ಪಂಪಿಗೆ ಬದಲಾಯಿಸಿದೆವು. ಏನೂ ಆಗಲಿಲ್ಲ. ಅವನು ಯಾರಿಗೂ ಹೇಳಲೂ ಇಲ್ಲ. ಎಂಟು ಗಂಟೆಯ ರಾತ್ರಿಪಾಳಿಯಲ್ಲೂ ಇಂಥದು ನಡೆಯುತ್ತದೆ. ಆದರೆ ಅಲ್ಲಿ ಬೆಳಗಿನ ನಾಲ್ಕು ಎಂದರೆ ಪಾಳಿಯ ಏಳನೆಯ ಗಂಟೆಯ ಆರಂಭ, ಇಲ್ಲಿ ಒಂಬತ್ತನೆಯದು. ಅಲ್ಲಿ ಮುಗಿಯಲು ಎರಡೇ ಗಂಟೆ ಉಳಿದಿರುತ್ತದೆ, ಇಲ್ಲಿ ನಾಲ್ಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿಪಾಳಿಯ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿದೆ. ಕೆಂಪು ಮಾಂಸವೂ ಅದೇ ಗುಂಪಿನಲ್ಲಿದೆ, ಆದ್ದರಿಂದ ಇದನ್ನು ಕೇಳಿ ರಾಜೀನಾಮೆ ಬರೆಯಬೇಕಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಕುತೂಹಲದ್ದು 2012ರಲ್ಲಿ ಪ್ರಕಟವಾದ ಅಮೆರಿಕದ ನಾಲ್ಕು ರಾಜ್ಯಗಳ ದಾದಿಯರ ಅಧ್ಯಯನ. ಹತ್ತು ಗಂಟೆ ಅಥವಾ ಅದಕ್ಕಿಂತ ಉದ್ದದ ಪಾಳಿ ಮಾಡುವ ದಾದಿಯರು ಬಳಲಿ ಬೇಸತ್ತುಹೋಗುವ ಸಾಧ್ಯತೆ, ಚಿಕ್ಕ ಪಾಳಿಯವರಿಗಿಂತ ಎರಡೂವರೆ ಪಟ್ಟಿನವರೆಗೆ ಹೆಚ್ಚು. ಹದಿಮೂರು ಗಂಟೆ ದಾಟಿದ ಪಾಳಿಗಳು ಹೆಚ್ಚಿದಷ್ಟೂ ರೋಗಿಗಳ ಅತೃಪ್ತಿಯೂ ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ, ನಿಮ್ಮ ಡ್ಯೂಟಿ ಚಾರ್ಟು ಹೇಗಿದೆ ಎಂದು ಕೇಳಿದಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಚೆನ್ನಾಗಿದೆ ಎಂದಿದ್ದರು. ಇದರಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ. ಹಾಸನದ ಗೆಳೆಯನೂ ಬೆರಳು ಮಡಿಸಿ ಎಣಿಸಿದ್ದು ರಜೆಗಳನ್ನೇ. ಬಳಲಿಕೆ ಬೆರಳಿಗೆ ಸಿಗುವಂಥದ್ದಲ್ಲ.

ಆ ನಾಲ್ಕು ದಿನದಲ್ಲಿ ಮೊದಲ ದಿನವನ್ನು ರಜೆ ಎನ್ನಲಾಗದು. ಬೆಳಿಗ್ಗೆ ಎಂಟಕ್ಕೆ ಪಾಳಿ ಮುಗಿಸಿ ಒಂಬತ್ತೂವರೆಗೆ ಮನೆ. ಹತ್ತಕ್ಕೆ ಮಲಗಿದರೆ ಪಕ್ಕದ ಮನೆಯ ಕುಕ್ಕರು, ಸೊಪ್ಪಿನವಳ ಕೂಗು, ಗ್ಯಾಸಿನವನ ಬೆಲ್ಲು. ಮೂರಕ್ಕೆ ಎಚ್ಚರ, ಸಂಜೆಯವರೆಗೆ ತಲೆ ಸೀಸದ ಗುಂಡು. ಇನ್ನು ಭಾನುವಾರಗಳು. ಚಕ್ರ ಎಂಟು ದಿನದ್ದು, ವಾರ ಏಳು ದಿನದ್ದು. ಆದ್ದರಿಂದ ಎಂಟು ಭಾನುವಾರಗಳಲ್ಲಿ ನಾಲ್ಕು ಬಿಡುವು, ಅದರಲ್ಲೂ ಒಂದು ಈ ನಿದ್ದೆಯ ದಿನ. ಉಳಿದ ಬಿಡುವುಗಳು ಮಂಗಳವಾರ, ಬುಧವಾರ ಹೀಗೆ ಬರುತ್ತವೆ. ಬ್ಯಾಂಕಿನ ಕೆಲಸಕ್ಕೆ ಬಹಳ ಅನುಕೂಲ. ಮದುವೆ ಮುಂಜಿಗೆ ದೇವರೇ ಗತಿ.

ಇಷ್ಟನ್ನೂ ಸಹಿಸಬಹುದು. ಪದ್ಧತಿಯ ನಿಜವಾದ ಬಿರುಕು ಬೇರೆ ಕಡೆ ಇದೆ, ಅದನ್ನು ಯಾವ ಚಾರ್ಟೂ ತೋರಿಸುವುದಿಲ್ಲ. ಎಂಟರ ಪಾಳಿಯಲ್ಲಿ ರಾತ್ರಿಯವನು ಬರಲಿಲ್ಲವೆನ್ನಿ. ಸೆಕೆಂಡ್ ಶಿಫ್ಟಿನವನು ನಾಲ್ಕು ಗಂಟೆ ನಿಲ್ಲುತ್ತಾನೆ, ಫಸ್ಟ್ ಶಿಫ್ಟಿನವನು ನಾಲ್ಕು ಗಂಟೆ ಮೊದಲೇ ಬರುತ್ತಾನೆ. ಇಬ್ಬರೂ ಗೊಣಗುತ್ತಾರೆ, ಓಟಿ ಸಿಗುತ್ತದೆ, ತೂತು ಮುಚ್ಚುತ್ತದೆ. ಹನ್ನೆರಡರ ಪಾಳಿಯಲ್ಲಿ ಎಳೆಯಲು ಹಗ್ಗವೇ ಇಲ್ಲ. ಹಗಲಿನವನನ್ನು ಇಪ್ಪತ್ತನಾಲ್ಕು ಗಂಟೆ ನಿಲ್ಲಿಸಲಾಗದು. ಉಳಿದ ದಾರಿ ಒಂದೇ, ರಜೆಯಲ್ಲಿರುವವನನ್ನು ಕರೆಸುವುದು. ಅಂದರೆ ಯಾವ ನಾಲ್ಕು ದಿನದ ಆಸೆ ತೋರಿಸಿ ಪಾಳಿಯನ್ನು ಉದ್ದ ಮಾಡಿದರೋ, ಪ್ರತಿ ಗೈರುಹಾಜರಿಗೂ ಅದೇ ನಾಲ್ಕು ದಿನಕ್ಕೆ ಕೈ ಹಾಕುತ್ತಾರೆ. ಅಮ್ಮನ ತಿಥಿಗೆ ತಿಪಟೂರಿಗೆ ಹೋಗಿದ್ದೆ. ಎಲೆಯ ಮುಂದೆ ಕೂತಿದ್ದಾಗ ಶಿಫ್ಟ್ ಇನ್‌ಚಾರ್ಜ್ ಫೋನು. "ಇವತ್ತೊಂದು ರಾತ್ರಿ ಸುಧಾರಿಸಿಕೊಡಿ ಸಾರ್, ಬೇರೆ ಯಾರೂ ಸಿಗ್ತಿಲ್ಲ." ಪಾಯಸ ಬಡಿಸುವ ಮುಂಚೆ ಎದ್ದೆ. ಆ ಇನ್‌ಚಾರ್ಜ್ ಹುಡುಗ ಕೆಟ್ಟವನೇನಲ್ಲ, ಅವನ ಬಳಿ ಹೆಚ್ಚುವರಿ ಮನುಷ್ಯರಿರಲಿಲ್ಲ. ನಮ್ಮಲ್ಲಿ ಕೆಲವರು ಕೊನೆಕೊನೆಗೆ ರಜೆಯ ದಿನ ಫೋನನ್ನೇ ಆಫ್ ಮಾಡಿಡುತ್ತಿದ್ದರು. ಹಾಗೆ ಮಾಡದವರಿಗೆ ಕರೆ ಇಮ್ಮಡಿಯಾಯಿತು.

ಈ ಮಾತನ್ನು ಈಗ ಎತ್ತಲು ಕಾರಣ 2023ರಲ್ಲಿ ಕರ್ನಾಟಕ ಮಾಡಿಕೊಂಡ ಕಾರ್ಖಾನೆ ಕಾಯ್ದೆಯ ತಿದ್ದುಪಡಿ. 1948ರ ಮೂಲ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಯ ಮಿತಿ. ಅದನ್ನು ದಾಟಿದರೆ ಎರಡು ಪಟ್ಟು ಕೂಲಿ. ತಿದ್ದುಪಡಿಯ ನಂತರ ವಾರದ 48 ಉಳಿಯಿತು. ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ದಿನದ ಮಿತಿಯನ್ನು ವಿರಾಮವೂ ಸೇರಿ ಹನ್ನೆರಡಕ್ಕೆ ಏರಿಸಬಹುದೆಂದಾಯಿತು, ವಾರದ ಉಳಿದ ದಿನ ಸಂಬಳಸಹಿತ ರಜೆ. ಹಿಂದೆ ಡಬಲ್ ಎನಿಸಿಕೊಳ್ಳುತ್ತಿದ್ದ ಗಂಟೆಗಳು ನಾಲ್ಕು ದಿನದ ವಾರದಲ್ಲಿ ಮಾಮೂಲಿ ಗಂಟೆಗಳಾದವು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 144ಕ್ಕೆ ಏರಿತು. 144ನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಮೂರು ತಿಂಗಳಲ್ಲಿ ಹನ್ನೆರಡು ಪೂರ್ತಿ ಪಾಳಿ, ಹೆಚ್ಚುಕಡಿಮೆ ವಾರಕ್ಕೊಂದು. ನಾಲ್ಕು ದಿನದ ವಾರವೆಂದು ಹಾಡಿ ಹೊಗಳಿದ್ದು ಕಾನೂನಿನ ಒಳಗೇ ಹನ್ನೆರಡು ಗಂಟೆಯ ಐದು ದಿನದ ವಾರವಾಗಲು ದಾರಿಯಾಯಿತು. ಹಾಗೆ ಮಾಡಿದರೆ ಡಬಲ್ ಸಂಬಳ ಕೊಡಬೇಕೆಂಬುದು ನಿಜ. ಕೊಡುವವರೂ ಇದ್ದಾರೆ. ಆದರೆ ಪಾಯಸ ಬಿಟ್ಟು ಎದ್ದವನಿಗೆ ಸಂಬಳ ಎರಡು ಪಟ್ಟಾದರೂ ತಿಥಿ ವರ್ಷಕ್ಕೊಂದೇ.

ತಮಿಳುನಾಡು ಇಂಥದೇ ಮಸೂದೆಯನ್ನು 2023ರ ಏಪ್ರಿಲ್‌ನಲ್ಲಿ ಅಂಗೀಕರಿಸಿ, ಕಾರ್ಮಿಕ ಸಂಘಗಳು ಎದ್ದುನಿಂತ ಮೇಲೆ ಮೇ ದಿನದಂದು ಹಿಂತೆಗೆದುಕೊಂಡಿತು. ನಮ್ಮಲ್ಲಿ ಅಷ್ಟು ಗದ್ದಲವಾಗಲಿಲ್ಲ. ಹನ್ನೆರಡು ಎಂಬ ಅಂಕಿ 1911ರ ಕಾಯ್ದೆಯದು, ಬಟ್ಟೆ ಗಿರಣಿಯ ಗಂಡಾಳುಗಳಿಗೆ ಅಂದು ಹಾಕಿದ ಮಿತಿ. ಅದು ಹಂತಹಂತವಾಗಿ ಇಳಿದು, ಅಂಬೇಡ್ಕರ್ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1946ರಲ್ಲಿ, ದಿನಕ್ಕೆ ಒಂಬತ್ತು, ವಾರಕ್ಕೆ 48 ಆಯಿತು. ವಾರದ 48 ಉಳಿದಿರುವವರೆಗೆ "ಶತಮಾನ ಹಿಂದಕ್ಕೆ ಹೋದೆವು" ಎನ್ನುವುದು ಅತಿಯಾದೀತು. ಆ 48 ನಿಜವಾಗಿ 48 ಆಗಿಯೇ ಉಳಿಯುತ್ತದೆಯೇ ಎಂಬುದೇ ಇರುವ ಅನುಮಾನ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಪುಡಿಮಾಡಿದ್ದು ನೆನಪಿರಬಹುದು. ಅದಕ್ಕೆ ಕೆಲವು ವಾರ ಮುಂಚೆ ಅಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡಾಗಿತ್ತು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಸಂಬಳ ತಡವಾಗಿತ್ತು ಎಂದು ಆಪಲ್ ಕಂಪನಿಯೇ ನಂತರ ಒಪ್ಪಿಕೊಂಡಿತು. ಒಡೆದುಹಾಕಿದ್ದು ತಪ್ಪು. ಆದರೆ ಗಂಟೆಗಳನ್ನು ಹೆಚ್ಚಿಸುವ ಮೊದಲು ಗಂಟೆ ಎಣಿಸುವ ವ್ಯವಸ್ಥೆ ಬೇಕೆಂಬುದು ಅಲ್ಲಿಂದ ಕಲಿಯಬೇಕಾದ ಮಾತು.

ಸುರಕ್ಷತೆಯ ತರಬೇತಿಗೆ ಬರುವವರು ತಪ್ಪದೆ ಮೂರು ಅಪಘಾತಗಳ ಹೆಸರು ಹೇಳುತ್ತಾರೆ. ತ್ರೀ ಮೈಲ್ ಐಲೆಂಡ್, ಬೆಳಗಿನ ನಾಲ್ಕು. ಚೆರ್ನೋಬಿಲ್, ರಾತ್ರಿ 1:23. ಭೋಪಾಲ್, ನಡುರಾತ್ರಿ. ರಾತ್ರಿಪಾಳಿಯ ಅಪಾಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂಬ ಧಾಟಿ. ನನಗೆ ಇದು ಅರೆಸತ್ಯವೆನಿಸುತ್ತದೆ. ಭೋಪಾಲದಲ್ಲಿ ಅನಿಲದ ಟ್ಯಾಂಕನ್ನು ತಂಪಾಗಿಡುವ ಯಂತ್ರ ತಿಂಗಳುಗಟ್ಟಲೆ ನಿಂತಿತ್ತು. ಪಾಳಿಗೆ ಹನ್ನೆರಡು ಇದ್ದ ಆಪರೇಟರುಗಳನ್ನು ಖರ್ಚು ಉಳಿಸಲು ಆರಕ್ಕೆ ಇಳಿಸಿದ್ದರು. ಎಷ್ಟು ಗಂಟೆಯ ಪಾಳಿ ಎಂದು ಕೇಳುವ ನಾವು, ಆ ಪಾಳಿಯಲ್ಲಿ ಎಷ್ಟು ಜನ ಎಂದು ಕೇಳುವುದೇ ಇಲ್ಲ.

ಎಲ್ಲಿನ ಹನ್ನೆರಡು ಎಂಬುದೂ ಮುಖ್ಯ. ಗಲ್ಫಿನ ಸಮುದ್ರದ ರಿಗ್ಗುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ಇಪ್ಪತ್ತೆಂಟು ದಿನ ಹನ್ನೆರಡು ಗಂಟೆ ಕೆಲಸ ಮಾಡಿ ಇಪ್ಪತ್ತೆಂಟು ದಿನ ಊರಿಗೆ ಬರುವುದುಂಟು. ಅಲ್ಲಿ ಹಾಸಿಗೆ ನಾಲ್ಕು ಹೆಜ್ಜೆಯಲ್ಲಿ, ಊಟ ತಟ್ಟೆಗೆ, ಕತ್ತಲ ಕೋಣೆಯಲ್ಲಿ ನಿದ್ದೆ. ರಜೆಯಲ್ಲಿರುವವನನ್ನು ಸಂಜೆಯೊಳಗೆ ಕರೆಸಲು ಹೆಲಿಕಾಪ್ಟರೇ ಬೇಕು. ಹಾಗಾಗಿ ರಜೆ ರಜೆಯಾಗಿಯೇ ಉಳಿಯುತ್ತದೆ. ಪೀಣ್ಯದ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಇದರಲ್ಲಿ ಒಂದೂ ಇಲ್ಲ. 2023ರ ತಿದ್ದುಪಡಿ ಹೆಂಗಸರಿಗೂ ರಾತ್ರಿಪಾಳಿಯ ಬಾಗಿಲು ತೆರೆಯಿತು. ತೆರೆದದ್ದು ಸರಿಯೇ. ಆದರೆ ಅವಳ ಹನ್ನೆರಡು ಗಂಟೆಗೆ ಎರಡು ಗಂಟೆಯ ಬಸ್ಸು, ಆಮೇಲೆ ಹಿಟ್ಟು, ಸಾರು, ಮಗುವಿನ ಹೋಮ್‌ವರ್ಕು ಸೇರಿದರೆ ನಿದ್ದೆಗೆ ಉಳಿಯುವುದೆಷ್ಟು? ಕನ್ವೇಯರಿನ ಮುಂದೆ ನಿಂತು ಅದೇ ಸ್ಕ್ರೂವನ್ನು ಹನ್ನೆರಡು ಗಂಟೆ ತಿರುಗಿಸುವ ಕೆಲಸಕ್ಕೂ ಕಂಟ್ರೋಲ್ ರೂಮಿನಲ್ಲಿ ಕೂತು ನಿಗಾ ಇಡುವ ಕೆಲಸಕ್ಕೂ ಒಂದೇ ಅಳತೆ ಹಿಡಿಯುವುದು ಅನ್ಯಾಯ.

ನನ್ನ ತೀರ್ಪು ಇಷ್ಟು. ನಿಗಾ ಇಡುವ ಕೆಲಸ, ದೂರದ ಮನೆ, ಎರಡೇ ರಾತ್ರಿಯ ಸುತ್ತು, ನಾಲ್ಕು ತಂಡಗಳ ಮೇಲೆ ಬದಲಿಗೆಂದೇ ಇಟ್ಟ ಜನ, ಇವಿಷ್ಟೂ ಇದ್ದಲ್ಲಿ ಹನ್ನೆರಡರ ಪಾಳಿ ಎಂಟರದ್ದಕ್ಕಿಂತ ಮೇಲು. ಕೊನೆಯದೊಂದು ಇಲ್ಲದಿದ್ದರೆ ಉಳಿದ ಮೂರೂ ಇದ್ದು ಪ್ರಯೋಜನವಿಲ್ಲ. ಅಸೆಂಬ್ಲಿ ಲೈನಿಗೆ, ಹೊಲಿಗೆ ಹಾಲಿಗೆ ಇದು ಬೇಡವೇ ಬೇಡ.

2023ರ ತಿದ್ದುಪಡಿ ಲಿಖಿತ ಒಪ್ಪಿಗೆ ಕೇಳಿತು. ಅಂಥ ಕಾಗದ ನಿಮ್ಮ ಮುಂದೆ ಬಂದಾಗ, ಸಹಿ ಹಾಕುವ ಮೊದಲು, ನನ್ನ ರಿಲೀವರ್ ಬಾರದ ರಾತ್ರಿ ಯಾರು ಬರುತ್ತಾರೆ ಎಂದು ಕೇಳಿ. ಸಿಕ್ಕ ಉತ್ತರವನ್ನು ಅದೇ ಕಾಗದದ ಮೇಲೆ ಬರೆಸಿಕೊಳ್ಳಿ.